ತಗ್ಗು ಶ್ರುತಿಯ ಗಿಟಾರು

ಈಸ್ಟರ್ ಹಬ್ಬದ ದಿನ ವರ್ಲೀನ್ ಆಸ್ಕ್ಯೂಳ ಗಂಟಲು ಇಡೀ ಚರ್ಚಿನ ಎದುರು ಕೈಕೊಟ್ಟಿತು. ಹಾಡುತ್ತಿದ್ದದ್ದು ಅವಳ ಅಮ್ಮನ ಹಾಡು. ಅಮ್ಮ ಹೋದ ಮೇಲೆ ವರ್ಲೀನಳೇ ಹಾಡುತ್ತ ಬಂದಿದ್ದಳು. ಮೂರನೆಯ ಸಾಲಿನ ಕೊನೆಗೆ ಸ್ವರ ಮೇಲೇರಬೇಕಾದ ಜಾಗದಲ್ಲಿ ಬರೀ ಗಾಳಿ ಹೊರಬಂತು. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ಮುಂದಿನ ಬೆಂಚಿನ ಹೆಂಗಸರು ಅಯ್ಯೋ ಪಾಪ ಎನ್ನುವ ಮುಖ ಮಾಡಿಕೊಂಡು ಬೀಸಣಿಗೆ ಬೀಸಿಕೊಳ್ಳತೊಡಗಿದರು. ಪಿಯಾನೋ ನುಡಿಸುತ್ತಿದ್ದ ತಮ್ಮ ತ್ಯಾಡಿಯಸ್ ತನ್ನ ಸೊಸೆ ಲಾಟ್ರೀಸಳಿಗೆ ಕಣ್ಸನ್ನೆ ಮಾಡಿದ. ಅವಳು ಉಳಿದದ್ದನ್ನು ಎತ್ತಿಕೊಂಡು ಹಾಡಿ ಮುಗಿಸಿದಳು. ಅಲ್ಲಿಂದಾಚೆಗೆ ಹಾಡು ಸೊಸೆಯ ಪಾಲಾಯಿತು. ಅಕ್ಕನಿಗೆ ಒಂದು ಮಾತು ಹೇಳುವ ಸೌಜನ್ಯವೂ ಅವನಿಗಿರಲಿಲ್ಲ. ಅಭ್ಯಾಸದ ದಿನ ಸೊಸೆಯನ್ನು ಮುಂದೆ ನಿಲ್ಲಿಸಿದ, ಅಷ್ಟೆ.

ಮೂಲೆಯಲ್ಲಿ ಕೂತು ಅಳುವ ಹೆಂಗಸಲ್ಲ ವರ್ಲೀನ್. ಊರು ಬಿಟ್ಟು ಡೆಟ್ರಾಯಿಟ್, ಶಿಕಾಗೋ ಸೇರಿದವರೆಲ್ಲ ವರ್ಷಕ್ಕೊಮ್ಮೆ ಜಾರ್ಜಿಯಾದ ಈ ಚರ್ಚಿಗೆ ಮರಳಿ ಬರುವ ಆಗಸ್ಟ್ ತಿಂಗಳ ಭಾನುವಾರವಿದೆಯಲ್ಲ, ಆ ದಿನ ಅಮ್ಮನ ಹಾಡನ್ನು ತಾನೇ ಹಾಡುವುದಾಗಿ ಸಾರಿಬಿಟ್ಟಳು. ಅದೂ ಪಿಯಾನೋ ಜೊತೆಗಲ್ಲ, ಹನ್ನೆರಡು ತಂತಿಯ ಗಿಟಾರಿನ ಜೊತೆಗೆ. ಅವರಪ್ಪ ಶನಿವಾರದ ಸಂಜೆ ಮೀನು ಹುರಿಯುವ ಅಂಗಡಿಯ ಮುಂದೆ ನಿಂತು ನುಡಿಸುತ್ತಿದ್ದದ್ದು ಅಂಥದೊಂದನ್ನು. ಅದು ಬೀದಿಯ ವಾದ್ಯ, ದೇವರ ಮನೆಗೆ ತರುವಂಥದ್ದಲ್ಲ ಎಂದು ತ್ಯಾಡಿಯಸ್ ಮೂಗು ಮುರಿದ. ದೇವರೂ ಬೀದಿಯಲ್ಲಿ ಓಡಾಡಿದವನೇ ಎಂದು ವರ್ಲೀನ್ ಅವನ ಬಾಯಿ ಮುಚ್ಚಿಸಿದಳು.

ಹಳೇ ವಾದ್ಯಗಳನ್ನು ಮಾರುವ ಡನವೇಯ ಅಂಗಡಿ ಅಟ್ಲಾಂಟಾದಲ್ಲಿತ್ತು. ಕಾರು ತಮ್ಮನದು, ಹಾಗಾಗಿ ದಾರಿಯುದ್ದಕ್ಕೂ ಅವನ ಬುದ್ಧಿವಾದವನ್ನೂ ಕೇಳಬೇಕಾಯಿತು. ವಯಸ್ಸಾಗಿ ಗಂಟು ಕಟ್ಟಿದ ಬೆರಳಲ್ಲಿ ಆರು ತಂತಿ ಒತ್ತುವುದೇ ಕಷ್ಟ, ಹನ್ನೆರಡು ಯಾಕೆ ಬೇಕಿತ್ತು ಎಂದ.

ಅಂಗಡಿಯಲ್ಲಿ ಅಂಥವು ಎರಡಿದ್ದವು. ಮೊದಲನೆಯದು ಬೀಟೆ ಮರದ ಬೆನ್ನಿನದು, ಒಂದು ಗೀರಿಲ್ಲ. ಡನವೇ ಅದನ್ನು ಕೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿ ಕೊಟ್ಟ. ವರ್ಲೀನ್ ಒಂದು ಸಲ ಮೀಟಿದಳು. ಬೆಳ್ಳಿಯ ಗೆಜ್ಜೆ ಅಲುಗಿಸಿದಂಥ ನಾದ. ಅದಕ್ಕೆ ಸರಿಯಾಗಿ ಅಮ್ಮನ ಹಾಡಿನ ಮೊದಲ ಸಾಲು ಗುನುಗಿದಳು. ಆ ಶ್ರುತಿ ಅವಳ ದನಿಗೆ ಎಟುಕಲಿಲ್ಲ. ತ್ಯಾಡಿಯಸ್ ಮಾತ್ರ ಮಾರುಹೋಗಿದ್ದ. ಇದೇ ಸರಿ, ಪಿಯಾನೋಗೆ ಹೇಳಿ ಮಾಡಿಸಿದ ಹಾಗಿದೆ ಎಂದು ಶುರುಮಾಡಿದ. ಅವಳು ಅದನ್ನು ಜೋಪಾನವಾಗಿ ವಾಪಸು ಕೊಟ್ಟಳು.

ಎರಡನೆಯದು ಗೋಡೆಯ ಮೂಲೆಯಲ್ಲಿ ಒರಗಿತ್ತು. ದೊಡ್ಡ ಹೊಟ್ಟೆ, ಅಗ್ಗದ ಬರ್ಚ್ ಮರ, ಬುಡದಲ್ಲಿ ತಂತಿಗಳನ್ನು ಹಿಡಿದಿದ್ದ ತುಕ್ಕು ಬಂದ ತಗಡಿನ ಪಟ್ಟಿ. ಬೆನ್ನು ಉದ್ದಕ್ಕೂ ಸೀಳಿತ್ತು, ಯಾರೋ ಅಂಟು ಹಾಕಿ ಕೂಡಿಸಿದ್ದರು. ವರ್ಲೀನ್ ಒಂದು ಕಣ್ಣು ಮುಚ್ಚಿ ಅದರ ಕತ್ತಿನುದ್ದಕ್ಕೂ ನೋಡಿದಳು: ನೆಟ್ಟಗಿತ್ತು. ಬೆರಳ ಗೆಣ್ಣಿನಿಂದ ಬೆನ್ನು ತಟ್ಟಿದಳು: ಎಲ್ಲೂ ಗಡಗಡ ಎನ್ನಲಿಲ್ಲ. ಕತ್ತಿನ ಮೇಲ್ತುದಿಯಲ್ಲಿ ಬೆರಳೊತ್ತುವ ಮೂರು ಮನೆಗಳಲ್ಲಿ ಮರ ಸವೆದು ತಗ್ಗು ಬಿದ್ದಿತ್ತು. ಯಾರೋ ಜನ್ಮವಿಡೀ ಅಲ್ಲೇ ನುಡಿಸಿದ್ದರು, ಹೆಚ್ಚೇನೂ ಬೇಕೆನಿಸಿರಲಿಲ್ಲ ಅವರಿಗೆ. ಅದು ಅವಳಿಗೆ ಬಹಳ ಹಿಡಿಸಿತು.

ಡನವೇ ಎಚ್ಚರಿಸಿದ. "ಇದನ್ನ ಪಿಯಾನೋ ಶ್ರುತಿಗೆ ಏರಿಸೋ ಹಾಗಿಲ್ಲ ಮೇಡಂ. ಹನ್ನೆರಡೂ ಒಟ್ಟಿಗೆ ಎಳೆದ್ರೆ ಹೊಟ್ಟೆ ಉಬ್ಬಿ ಕಿತ್ಕೊಂಡು ಬರುತ್ತೆ. ಆಗಿನೋರು ತಗ್ಗಿಸ್ಕೊಂಡೇ ನುಡಿಸ್ತಿದ್ದಿದ್ದು."

ತಗ್ಗಿಸಿದ್ದರಿಂದ ತಂತಿಗಳು ಸಡಿಲವಾಗಿದ್ದವು, ಅವಳ ಗಂಟು ಬೆರಳಿಗೆ ಮಣಿದವು. ಹೆಬ್ಬೆರಳಿನಿಂದ ಕೆಳಸ್ವರ ಮೀಟಿದಾಗ ಕಾಲಡಿಯ ಹಲಗೆ ನಡುಗಿತು. ವರ್ಲೀನ್ ಬಾಯಿ ತೆರೆದಳು. ದನಿ ಹುಡುಕಾಡದೆ ಬಂತು, ದಿನವಿಡೀ ನಿಂತವಳಿಗೆ ಕುರ್ಚಿ ಸಿಕ್ಕ ಹಾಗೆ ಕೂತುಕೊಂಡಿತು. ಒಂದೊಂದು ದಪ್ಪ ತಂತಿಯ ಪಕ್ಕದಲ್ಲೂ ಒಂದು ತೆಳು ತಂತಿ, ಅದೇ ಸ್ವರವನ್ನು ಮೇಲಿನ ಸ್ಥಾಯಿಯಲ್ಲಿ ಹೇಳುತ್ತಿತ್ತು. ಅಜ್ಜಿಯ ಕೈ ಹಿಡಿದು ಮೊಮ್ಮಗಳು ನಡೆದ ಹಾಗಿತ್ತು. ಕಳೆದುಹೋಯಿತೆಂದುಕೊಂಡಿದ್ದ ತನ್ನ ಎಳೆಯ ದನಿ ಇಲ್ಲೇ, ಈ ಮುದಿ ದನಿಯ ಪಕ್ಕದಲ್ಲೇ ಇದೆ ಎನಿಸಿ ವರ್ಲೀನಳಿಗೆ ಸಂತೋಷದಿಂದ ಎದೆ ತುಂಬಿ ಬಂತು.

"ಇದು ಹಾಡಲ್ಲಕ್ಕ, ಗೊಣಗಾಟ," ಎಂದ ತ್ಯಾಡಿಯಸ್. "ಅಮ್ಮ ಎಷ್ಟು ಮೇಲೆ ಹಾಡ್ತಿದ್ಲು, ಮರೆತ್ಯಾ?"

"ಅಮ್ಮ ಐವತ್ತು ತುಂಬೋದ್ರೊಳಗೆ ಹೋದ್ಲು ಕಣೋ. ಮುದಿ ಗಂಟಲಲ್ಲಿ ಹಾಡೋ ಭಾಗ್ಯ ಅವಳಿಗೆ ಬರಲೇ ಇಲ್ಲ. ನನಗೆ ಬಂದಿದೆ. ನಾನ್ಯಾಕೆ ಬಿಡ್ಲಿ?"

ತ್ಯಾಡಿಯಸ್ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಹೊರಗೆ ಹೋಗಿ ನಿಂತ. ಅವಳು ಮೂಲೆಯದನ್ನೇ ಕಟ್ಟಿಸಿಕೊಂಡು ಬಂದಳು.

ಆಗಸ್ಟ್ ತಿಂಗಳ ಆ ಭಾನುವಾರ ಚರ್ಚು ಕಿಕ್ಕಿರಿದಿತ್ತು. ವರ್ಲೀನ್ ಗಿಟಾರು ತೊಡೆಯ ಮೇಲಿಟ್ಟುಕೊಂಡು ಮುಂದೆ ಕುರ್ಚಿ ಹಾಕಿಕೊಂಡಳು. ಅವಳು ಶುರುಮಾಡುವ ಮೊದಲೇ ತ್ಯಾಡಿಯಸ್ ಪಿಯಾನೋ ಮೇಲೆ ಹಾಡನ್ನು ಎತ್ತಿಬಿಟ್ಟ, ಅದೇ ಹಳೇ ಮೇಲಿನ ಶ್ರುತಿಯಲ್ಲಿ. ಇಷ್ಟು ಜನರ ಮುಂದೆ ದಾರಿಗೆ ಬರದೆ ಎಲ್ಲಿಗೆ ಹೋಗುತ್ತಾಳೆ ಎಂಬ ಲೆಕ್ಕ ಅವನದು. ಗಾಯಕರ ಸಾಲಿನಲ್ಲಿದ್ದ ಲಾಟ್ರೀಸ್ ತಲೆ ತಗ್ಗಿಸಿದಳು. ವರ್ಲೀನ್ ತಂತಿಗಳ ಮೇಲೆ ಅಂಗೈ ಮಲಗಿಸಿ ಸುಮ್ಮನೆ ಕೂತಳು. ಅವನು ಪೀಠಿಕೆ ನುಡಿಸಿ ಮುಗಿಸಿದ, ಕಾದ, ಮತ್ತೆ ನುಡಿಸಿದ. ಅವಳು ಕದಲಲಿಲ್ಲ. ಬೀಸಣಿಗೆಗಳು ನಿಂತವು.

"ಶ್ರುತಿ ಸೇರಿಸ್ಕೊ ಅಕ್ಕ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

"ಮುಚ್ಚಳ ಹಾಕಪ್ಪ," ಎಂದಳು ವರ್ಲೀನ್, ಹಿಂದಿನ ಬೆಂಚಿಗೂ ಕೇಳುವ ಹಾಗೆ.

ಮಾವನ ಮಾತಿಗೆ ಎಂದೂ ಎದುರಾಡದ ಲಾಟ್ರೀಸ್ ಸಾಲಿನಿಂದ ಇಳಿದು ಬಂದಳು. ಪಿಯಾನೋ ಮುಚ್ಚಳಕ್ಕೆ ಕೈ ಹಾಕಿ ಮೆಲ್ಲಗೆ ಇಳಿಸಿದಳು. ತ್ಯಾಡಿಯಸ್ ಬೆರಳು ಎಳೆದುಕೊಳ್ಳಲೇಬೇಕಾಯಿತು.

ವರ್ಲೀನ್ ಶುರುಮಾಡಿದಳು. ಹಾಡು ನೆಲದ ಹತ್ತಿರ, ನಿಧಾನವಾಗಿ, ಎತ್ತಿನ ಗಾಡಿಯ ಹಾಗೆ ಹೊರಟಿತು. ಮೂರನೆಯ ಸಾಲು ಬಂತು. ಅವಳ ದನಿ ಕೆಳಗೇ ಉಳಿಯಿತು, ತೆಳು ತಂತಿ ಅವಳ ಪರವಾಗಿ ಮೇಲೇರಿತು. ಏರಿ ತುದಿ ಮುಟ್ಟುವಷ್ಟರಲ್ಲಿ ಪಟ್ಟೆಂದು ಹರಿದುಹೋಯಿತು.

ಮುಂದಿನ ಬೆಂಚಿನಲ್ಲಿ ಆ ಈಸ್ಟರ್ ದಿನದ ಮುಖಗಳು ಮತ್ತೆ ಮೂಡತೊಡಗಿದ್ದನ್ನು ಅವಳು ಕಂಡಳು. ಸಿಟ್ಟು ನೆತ್ತಿಗೇರಿತು. ನಿಲ್ಲಿಸಲಿಲ್ಲ. ಹರಿದ ತಂತಿ ಮಣಿಕಟ್ಟಿಗೆ ಚುಚ್ಚುತ್ತಿದ್ದರೂ ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಇನ್ನಷ್ಟು ಬಲವಾಗಿ ಮೀಟಿದಳು, ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಆಗ ಹಿಂದಿನ ಬೆಂಚಿನಿಂದ ಒಂದು ದನಿ ಸೇರಿತು, ಆಮೇಲೆ ಇನ್ನೊಂದು. ಎಟುಕದ ಶ್ರುತಿಗೆ ಇಷ್ಟು ವರ್ಷ ಬರೀ ತುಟಿ ಅಲ್ಲಾಡಿಸುತ್ತ ಬಂದಿದ್ದ ಮುದುಕರು, ಮುದುಕಿಯರು ತಮ್ಮ ಗಂಟಲಲ್ಲಿ, ಗಟ್ಟಿಯಾಗಿ ಹಾಡತೊಡಗಿದರು. ಮೂರನೆಯ ಸಾಲು ಬಂದಾಗ ಯಾರೂ ಮೇಲೆ ಹೋಗಲಿಲ್ಲ. ಇಡೀ ಚರ್ಚು ಕೆಳಗೇ ನಿಂತಿತ್ತು.

ಆಮೇಲೆ ಅಂಗಳದ ಮೇಜಿನ ಬಳಿ ತ್ಯಾಡಿಯಸ್ ಹುರಿದ ಕೋಳಿಯ ತಟ್ಟೆ ಹಿಡಿದುಕೊಂಡು ಅಕ್ಕನ ಪಕ್ಕ ಬಂದು ಕೂತ. ಅವಳ ಮಣಿಕಟ್ಟಿನ ಗೀರು ನೋಡಿ ಕರವಸ್ತ್ರ ಕೊಟ್ಟ. ಸೋತೆ ಎನ್ನುವ ಜಾಯಮಾನ ಅವನದಲ್ಲ. "ಮುಂದಿನ ವರ್ಷ ಒಂಚೂರಾದ್ರೂ ಮೇಲಕ್ಕೆ ಏರಿಸ್ಕೊ ಅಕ್ಕ, ನಾನೂ ಜೊತೆಗೆ ನುಡಿಸ್ತೀನಿ," ಎಂದ.

ವರ್ಲೀನ್ ಅವನ ತಟ್ಟೆಯಿಂದ ದೊಡ್ಡ ತುಂಡನ್ನೇ ಆರಿಸಿ ಎತ್ತಿಕೊಂಡಳು.

"ಅದು ಏರಲ್ಲ, ನಾನೂ ಏರಲ್ಲ," ಎಂದಳು. "ನುಡಿಸ್ಬೇಕು ಅಂದ್ರೆ ನೀನೇ ಇಳಿದು ಬಾ."