ಉಪವಾಸದ ಉಪ್ಪು

ಸಾವಿತ್ರಿಬಾಯಿಗೆ ಒಂದು ಕಡೆ ಕೂತೇ ಗೊತ್ತಿರಲಿಲ್ಲ. ಯಾದಗಿರಿ ಕಡೆಯಿಂದ ಪುಣೆಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಯೆರವಡಾದ ಅದೇ ಗಲ್ಲಿ, ಅದೇ ತಗಡಿನ ಪತ್ರಾ ಹೊದಿಸಿದ ಒಂದು ಕೋಣೆಯ ಖೋಲಿ. ಆಕೆ ನೆಟ್ಟಗೆ ಕೂತು ಒಂದು ಕಪ್ ಚಹಾ ಕುಡಿದದ್ದನ್ನು ಅಲ್ಲಿ ಯಾರೂ ಕಂಡವರಿಲ್ಲ. ಆದರೆ ಆ ಗುರುವಾರ ಬೆಳಿಗ್ಗೆ ಆಕೆಯ ಓಡಾಟ ನೋಡಿ ಪಕ್ಕದ ಮನೆಯ ಸಕ್ಕುಬಾಯಿಗೇ ತಲೆ ತಿರುಗುವುದೊಂದು ಬಾಕಿ. ಒರೆಸಿದ ಹಂಡೆಯನ್ನೇ ಮತ್ತೆ ಒರೆಸುವುದು, ಬಾಗಿಲಿಗೆ ಬಂದು ರಸ್ತೆ ನೋಡುವುದು, ಒಳಗೆ ಹೋಗಿ ದೇವರ ಮುಂದೆ ನಿಲ್ಲುವುದು, ಮತ್ತೆ ಬಾಗಿಲಿಗೆ ಬರುವುದು.

ಕಾರಣ ಇಷ್ಟೇ. ಗಂಡ ಹುಲಿಗೆಪ್ಪ ಐದು ವಾರದ ನಂತರ ಆವತ್ತು ಮತ್ತೆ ಪರಾಂಚಿ ಹತ್ತಲು ಹೋಗಿದ್ದ.

ಪರಾಂಚಿ ಎಂದರೆ ಕಟ್ಟಡದ ಹೊರಮೈಗೆ ಬಿದಿರು ನಿಲ್ಲಿಸಿ, ಅಡ್ಡ ಬಿದಿರು ಬಿಗಿದು, ಗಾರೆಯವರು ನಿಲ್ಲಲು ಹಲಗೆ ಹಾಸುವ ಅಟ್ಟಣೆ. ಹುಲಿಗೆಪ್ಪ ಅದನ್ನು ಕಟ್ಟುವವನು. ಯೆರವಡಾದಲ್ಲಿ ಗಾಜಿನ ಕಂಪನಿ ಕಟ್ಟಡಗಳು ಏಳತೊಡಗಿದ ಮೇಲೆ ಅವನಿಗೆ ಕೈತುಂಬ ಕೆಲಸ. ಅವನು ಹಾಕಿದ ಗಂಟು ಬಿಚ್ಚಬೇಕಾದರೆ ಅವನೇ ಬರಬೇಕು ಎಂದು ಆಳುಗಳ ಮೇಲ್ವಿಚಾರಕ, ಮುಕಾದಮ ತಾಯಪ್ಪ ಹೇಳುತ್ತಿದ್ದ. ಹೊಗಳಿಕೆಯೋ ಬೈಗುಳವೋ ತಿಳಿಯದಂತೆ ಹೇಳುವುದು ತಾಯಪ್ಪನ ರೀತಿ.

ಇಂಥ ಮನುಷ್ಯನಿಗೆ ಕಿವಿ ಕೈಕೊಟ್ಟಿತು. ಮೊದಲು ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದು, ಆಮೇಲೆ ಅರಳೆ ತುರುಕಿದಂತೆ ಕಿವಿ ಮುಚ್ಚುವುದು, ಒಂದು ದಿನ ಇದ್ದಕ್ಕಿದ್ದಂತೆ ಖೋಲಿಯೇ ಗಿರಗಿರ ತಿರುಗಿ ನೆಲಕ್ಕೆ ಬಿದ್ದು ವಾಂತಿ ಮಾಡಿಕೊಂಡ. ಪಿತ್ತ ಎಂದರು, ದೃಷ್ಟಿ ಎಂದರು. ಕೊನೆಗೆ ಧರ್ಮಾರ್ಥ ದವಾಖಾನೆಯ ಕಿವಿ ಡಾಕ್ಟರು ಮರಾಠಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಕಿವಿಯ ಒಳಗೆ, ಕಣ್ಣಿಗೆ ಕಾಣದ ಕಡೆ, ನೀರಿನ ಒಂದು ಸಣ್ಣ ಚೀಲ ಇರುತ್ತದೆ. ಅದರಲ್ಲಿ ನೀರು ಹೆಚ್ಚಾದರೆ ಲೋಕವೆಲ್ಲ ತಿರುಗಿದಂತಾಗುತ್ತದೆ. ಎಡಗಿವಿ ಮುಕ್ಕಾಲು ಹೋಗಿದೆ, ಬಲಗಿವಿ ಚೆನ್ನಾಗಿದೆ. ನೀರು ಇಳಿಸಲು ಒಂದು ಗುಳಿಗೆ, ತಿರುಗುವುದಕ್ಕೆ ಒಂದು ಗುಳಿಗೆ. ಎಲ್ಲಕ್ಕಿಂತ ಮುಖ್ಯ, ಉಪ್ಪು ಬಿಡಬೇಕು. ಹಪ್ಪಳ, ಉಪ್ಪಿನಕಾಯಿ ಹೆಸರೆತ್ತಬಾರದು. ತಿಂಗಳುಗಟ್ಟಲೆ ತಿರುಗದೇ ಇದ್ದರೆ ಮಾತ್ರ ಎತ್ತರದ ಕೆಲಸದ ವಿಚಾರ, ಅದೂ ತನ್ನನ್ನು ಕೇಳಿ.

ಬರೆಯುತ್ತ ಬರೆಯುತ್ತ ಡಾಕ್ಟರು ತಲೆ ಎತ್ತದೆ ಕೇಳಿದರು, "ದುಸರಂ ಕಾಹೀ ಔಷಧ ಘೇತಾ ಕಾ?" ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತೀರಾ ಎಂದು.

"ನಾಹೀ," ಅಂದಳು ಸಾವಿತ್ರಿಬಾಯಿ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಔಷಧ ಅಂದರೆ ಚೀಟಿ ಬರೆದು ಕೊಡುವುದು. ಪಿತ್ತಕ್ಕೆಂದು ಹುಲಿಗೆಪ್ಪ ದಿನಾ ಎರಡು ಹೊತ್ತು ಮಜ್ಜಿಗೆಯಲ್ಲಿ ಕಲಸಿ ಕುಡಿಯುವ ಚೂರ್ಣ ಅಡುಗೆಮನೆಯಲ್ಲಿ ಅರಿಸಿನದ ಡಬ್ಬಿಯ ಪಕ್ಕ ಇರುತ್ತದೆ. ಅಡುಗೆಮನೆಯಲ್ಲಿರುವುದು ಔಷಧ ಹೇಗಾದೀತು? ಬೇರುನಾರು ಏನು ಮಾಡುತ್ತದೆ, ಮಾಡಿದರೆ ಒಳ್ಳೆಯದೇ ಮಾಡುತ್ತದೆ ಎಂಬುದು ಆಕೆಯ ತಿಳಿವಳಿಕೆ. ನಮ್ಮಲ್ಲಿ ಎಷ್ಟು ಜನರದ್ದು ಬೇರೆ ಇದೆ ಹೇಳಿ.

ಇನ್ನು ಉಪ್ಪು ಬಿಡುವುದು. ಅದನ್ನು ಸಾವಿತ್ರಿಬಾಯಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗುರುವಾರ, ಶನಿವಾರ, ಏಕಾದಶಿ, ಸಂಕಷ್ಟಿ ಎಂದು ತಿಂಗಳಲ್ಲಿ ಅರ್ಧದಷ್ಟು ದಿನ ಆಕೆ ಉಪ್ಪು ಬಿಟ್ಟವಳೇ. ಡಾಕ್ಟರ ಮಾತು ಆಕೆಯ ಕಿವಿಗೆ ನೇರವಾಗಿ ವ್ರತದಂತೆಯೇ ಕೇಳಿಸಿತು. ವ್ರತದಲ್ಲಿ ಉಪ್ಪು ನಡೆಯುವುದಿಲ್ಲ, ಸೈಂಧವ ನಡೆಯುತ್ತದೆ. ಅಜ್ಜಿಯ ಕಾಲದಿಂದ ಹಾಗೇ. ಅದು ಸಮುದ್ರದ ಉಪ್ಪಲ್ಲ, ಕಲ್ಲಿನಂತೆ ನಸುಗೆಂಪಗೆ ಗಟ್ಟಿಯಾಗಿ ಬರುತ್ತದೆ, ಕುಟ್ಟಿ ಹಾಕಬೇಕು. ದೇವರಿಗೇ ನಡೆಯುವುದು ಡಾಕ್ಟರಿಗೆ ನಡೆಯದೇ? ಆವತ್ತೇ ಮನೆಯ ಉಪ್ಪಿನ ಭರಣಿ ಎತ್ತಿ ಸಕ್ಕುಬಾಯಿಗೆ ಕೊಟ್ಟುಬಿಟ್ಟಳು. ಸಾರಿಗೆ, ಪಲ್ಯಕ್ಕೆ, ರೊಟ್ಟಿಯ ಹಿಟ್ಟಿಗೆ ಎಲ್ಲಕ್ಕೂ ಸೈಂಧವ. ರುಚಿ ಸ್ವಲ್ಪ ಸಪ್ಪೆ ಎನ್ನಿಸಿ ಒಂದು ಚಿಟಿಕೆ ಹೆಚ್ಚೇ ಹಾಕುತ್ತಿದ್ದಳು. ಗಂಡ ಒಬ್ಬನೇ ಬಿಡುವುದು ಬೇಡವೆಂದು ತಾನೂ ಉಪ್ಪು ಬಿಟ್ಟಳು. ಹುಲಿಗೆಪ್ಪ ಮೂರು ವಾರ ಬೀಳಲಿಲ್ಲ, ನಾಲ್ಕು ವಾರ ಬೀಳಲಿಲ್ಲ. ಸಾವಿತ್ರಿಬಾಯಿ ಬೀಗಿದಳು. ನೀರಿನ ನಳದ ಹತ್ತಿರ, ರೇಶನ್ ಸಾಲಿನಲ್ಲಿ, ಎಲ್ಲಿ ನಾಲ್ಕು ಜನ ಸಿಕ್ಕರೂ ಅದೇ ಮಾತು: "ನಮ್ಮವರು ಈಗ ಆರಾಮ ಆದ್ರು. ಉಪ್ಪು ಬಿಟ್ಟಿದ್ದಕ್ಕ ನೋಡ್ರಿ." ಕೆಲಸಕ್ಕೆ ಹೊರಡುವ ಮುಂಚೆ ಡಾಕ್ಟರನ್ನು ಕೇಳಬೇಕೆಂಬುದು ಇಬ್ಬರ ಬಾಯಿಂದಲೂ ಬರಲಿಲ್ಲ.

ಆವತ್ತು ಹತ್ತು ಗಂಟೆಗೆ ಮನೆಯಲ್ಲಿ ನಿಲ್ಲಲಾರದೆ ಆಕೆ ಪಂಢರಿನಾಥನ ಬೇರುನಾರಿನ ಕಾಷ್ಠೌಷಧಿ ಅಂಗಡಿಗೆ ಹೋದಳು. ಚೂರ್ಣ ಮುಗಿದಿತ್ತು, ಸೈಂಧವವೂ ತಳ ಕಂಡಿತ್ತು. ಪಂಢರಿನಾಥ ಅಕ್ಕಲಕೋಟೆಯವನು, ಕನ್ನಡ ಬರುತ್ತಿತ್ತು, ಅದಕ್ಕೇ ಆಕೆ ಅಲ್ಲಿಗೇ ಹೋಗುತ್ತಿದ್ದದ್ದು. ಇಷ್ಟು ದಿನ ಚೂರ್ಣ ಯಾಕೆಂದು ಕೇಳಿದರೆ "ಹೊಟ್ಟಿ ಉಬ್ಬರಕ್ರಿ" ಅಂದುಬಿಡುತ್ತಿದ್ದಳು. ತಲೆ ತಿರುಗುವ ಮಾತು ಹೊರಬಿದ್ದರೆ ತಾಯಪ್ಪ ಗಂಡನನ್ನು ಪರಾಂಚಿ ಹತ್ತಿಸುವುದಿಲ್ಲ ಎಂಬ ಹೆದರಿಕೆ. ಮುಕಾದಮನಿಗೆ ಹೇಳಿದ್ದು ಜ್ವರ ಎಂದು. ಈಗ ಹೆದರಿಕೆ ಹೋಗಿತ್ತು, ಬಾಯಿ ತಾನಾಗಿ ತೆರೆದುಕೊಂಡಿತು.

"ಇವತ್ತ ಪರಾಂಚಿ ಹತ್ಯಾರ ನೋಡ್ರಿ ಅಣ್ಣಾ! ಕಿವ್ಯಾಗಿನ ನೀರು ಎಲ್ಲಾ ಇಳೀತು. ಐದು ವಾರ ಒಂದು ಹಳ್ಳು ಉಪ್ಪು ಮುಟ್ಟಿಲ್ಲ. ಎಲ್ಲಾದಕ್ಕೂ ನಿಮ್ಮ ಸೈಂಧವನ."

ಪಂಢರಿನಾಥ ತಕ್ಕಡಿ ಕೆಳಗಿಟ್ಟ. "ಯಾವ ಕಿವಿ? ಯಾವ ನೀರು? ನೀವು ಹೊಟ್ಟಿಗಂತ ಒಯ್ತಿದ್ರಲ್ಲ?"

ಸಾವಿತ್ರಿಬಾಯಿ ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವನ ಮುಖ ನೋಡಿ ಆಕೆಯ ದನಿ ಇಳಿಯಿತು.

"ಬಾಯಿ," ಅಂದ ಪಂಢರಿನಾಥ, "ಸೈಂಧವ ಅಂದ್ರ ಉಪ್ಪೇ ರೀ. ದೇವರಿಗೆ ನಡೀತದ ಖರೆ, ಮೈಯಾಗ ಹೋದಮ್ಯಾಲ ಎರಡೂ ಒಂದ. ಡಾಕ್ಟರ ಬಿಡು ಅಂದದ್ದು ಇದನ್ನೂ ಸೇರಿಸೆ."

"ಇಲ್ರಿ, ಇದು ಉಪವಾಸದ್ದು..."

"ಉಪವಾಸ ಬ್ಯಾರೆ, ರೋಗ ಬ್ಯಾರೆ. ಈ ಚೂರ್ಣದಾಗೂ ಸೈಂಧವ ಅದ, ಮ್ಯಾಲ ಜೇಷ್ಠಮಧ, ಅಂದ್ರ ಅತಿಮಧುರದ ಬೇರು ಅದ. ಹೊಟ್ಟಿಗಿ ಅಂದ್ರಿ, ಒಂದ ಹಿಡಿ ಹೆಚ್ಚಗೇ ಹಾಕಿ ಕೊಟ್ಟೀನಿ. ಜೇಷ್ಠಮಧ ದಿನಾ ತಿಂದ್ರ ಮೈಯಾಗ ನೀರು ಹಿಡಿದಿಡ್ತದ. ಡಾಕ್ಟರ ನೀರು ಇಳಸೋ ಗುಳಿಗಿ ಕೊಟ್ಟಾರಂದ್ರ, ಅದಕ್ಕೂ ಇದಕ್ಕೂ ಕೂಡಿಬರಂಗಿಲ್ಲ. ಕಾಲು ಹಿಡೀತಾವಂತಾರೇನು? ಎದಿ ಡವಡವ ಅಂತದಂತೇನು?"

ಮೀನಖಂಡ ಹಿಡಿಯುತ್ತದೆ ಎಂದು ಹುಲಿಗೆಪ್ಪ ವಾರದಿಂದ ಹೇಳುತ್ತಿದ್ದ. ದಿನಾ ಸಂಜೆ ಆಕೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಕೆಲಸವಿಲ್ಲದೆ ಕೂತು ಹಿಡಿದಿದೆ ಎಂದು ಗದರಿಯೂ ಇದ್ದಳು.

"ಬೇರು ಅಂದ ಕೂಡಲೆ ತೊಂದ್ರಿ ಇಲ್ಲ ಅಂತ ಅಲ್ರಿ," ಪಂಢರಿನಾಥ ಈಗ ಸಿಟ್ಟಾಗಿದ್ದ. ಯಾರ ಮೇಲೆ ಎಂದು ಅವನಿಗೂ ಗೊತ್ತಿರಲಿಲ್ಲ. "ನನಗ ರೋಗ ಹೇಳಬೇಕು, ಡಾಕ್ಟರಿಗೆ ಚೂರ್ಣ ಹೇಳಬೇಕು. ನೀವು ಇಬ್ಬರಿಗೂ ಹೇಳಲಿಲ್ಲ. ಅವರನ್ನ ಮೊದಲ ಕೆಳಗ ಇಳಸ್ರಿ, ಹೋಗ್ರಿ. ದವಾಖಾನಿಗೆ ಹೋಗುವಾಗ ಚೂರ್ಣದ ಡಬ್ಬಿನೂ ಒಯ್ರಿ."

ಸಾವಿತ್ರಿಬಾಯಿ ಮನಸ್ಸಿನಲ್ಲೇ ಎಣಿಸಿದಳು. ಎರಡು ಹೊತ್ತು ಊಟದಲ್ಲಿ, ಎರಡು ಹೊತ್ತು ಮಜ್ಜಿಗೆಯಲ್ಲಿ, ತನ್ನ ಕೈಯಾರೆ. ಚೀಲ ಅಲ್ಲೇ ಬಿಟ್ಟು ಓಡಿದಳು. ಯೆರವಡಾ ಸೆರೆಮನೆಯ ಉದ್ದನೆಯ ಗೋಡೆಗುಂಟ ಓಡುತ್ತ ದಾರಿಯಲ್ಲಿ ಯಾರು ಮಾತಾಡಿಸಿದರೂ ಕೇಳಿಸಲಿಲ್ಲ. ಬಾಯಲ್ಲಿ ಒಂದೇ ಮಾತು, ಅವರು ಮೇಲೆ ಹತ್ತಿರಬಾರದು, ಇನ್ನೂ ಹತ್ತಿರಬಾರದು.

ಹತ್ತಿದ್ದ. ಕಟ್ಟಡದ ಗೇಟಿನ ಹತ್ತಿರ ನಿಂತಿದ್ದ ತಾಯಪ್ಪ ಬೆರಳೆತ್ತಿ ತೋರಿಸಿದ. ನಾಲ್ಕನೆಯ ಮಹಡಿಯ ಹೊರಗೆ, ಹಲಗೆಯ ಮೇಲೆ, ಗೋಡೆಗೆ ಮುಖ ಮಾಡಿ ಹುಲಿಗೆಪ್ಪ ಬಿದಿರು ಬಿಗಿಯುತ್ತಿದ್ದ.

"ಕರೀಲೇನವಾ?" ಎಂದು ತಾಯಪ್ಪ ಎರಡೂ ಕೈ ಬಾಯಿಗೆ ಒಡ್ಡಿ ಉಸಿರೆಳೆದುಕೊಂಡ.

ಸಾವಿತ್ರಿಬಾಯಿ ಹಾರಿ ಅವನ ಬಾಯಿ ಮುಚ್ಚಿದಳು. ನಲವತ್ತು ಜನ ಕೆಲಸಗಾರರ ಮುಂದೆ, ಮುಕಾದಮನ ಬಾಯಿಯನ್ನು, ಹೆಣ್ಣುಮಗಳೊಬ್ಬಳು. ಸಿಮೆಂಟು ಕಲಸುತ್ತಿದ್ದವರು ಸನಿಕೆ ಹಿಡಿದು ಹಾಗೇ ನಿಂತರು.

"ಕೂಗಬ್ಯಾಡ್ರಿ ಅಣ್ಣಾ, ನಿಮ್ಮ ಕಾಲು ಬೀಳ್ತೀನಿ! ಅವರಿಗೆ ಒಂದ ಕಿವಿ ಕೇಳ್ತದ. ಎಲ್ಲಿಂದ ಕೂಗಿದ್ರು ಅಂತ ತಿಳಿಯಂಗಿಲ್ಲ. ಗರಕ್ಕನ ತಿರುಗಿ ಸುತ್ತ ನೋಡ್ತಾರ. ತಿರುಗಿದ್ರ ಬೀಳ್ತಾರ."

ಮನೆಯಲ್ಲಿ ಅದನ್ನು ನೂರು ಸಲ ಕಂಡಿದ್ದಳು. ಒಲೆಯ ಹತ್ತಿರದಿಂದ ಕರೆದರೆ ಅವನು ಬಾಗಿಲ ಕಡೆ ನೋಡುತ್ತಿದ್ದ, ಆಮೇಲೆ ದೇವರ ಕಡೆ, ಆಮೇಲೆ ಅವಳ ಕಡೆ. ನಗು ಬರುತ್ತಿತ್ತು ಆಗ.

"ಜ್ವರ ಅಂದಿದ್ಯಲ್ಲವಾ," ಅಂದ ತಾಯಪ್ಪ. ಆಮೇಲೆ ಆಳುಗಳ ಕಡೆ ತಿರುಗಿದ. "ಯಾರೂ ಬಾಯಿ ಬಿಡಬ್ಯಾಡ್ರಿ!" ಎಂದು ಪಿಸುದನಿಯಲ್ಲಿ ಎಲ್ಲರನ್ನೂ ಗದರಿದ. ಅಷ್ಟರಲ್ಲಿ ಸಾವಿತ್ರಿಬಾಯಿ ಕಟ್ಟಡದ ಒಳಗೆ ಹೋಗಿಬಿಟ್ಟಿದ್ದಳು.

ಒಳಗಿನ ಮೆಟ್ಟಿಲಿಗೆ ಇನ್ನೂ ಹಿಡಿದುಕೊಳ್ಳುವ ಕಠಡಾ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಡೆ ಸವರುತ್ತ ಹತ್ತಿದಳು. ಉಪವಾಸದ ಹೊಟ್ಟೆ, ಕಣ್ಣು ಕತ್ತಲೆ ಬರುತ್ತಿತ್ತು. ನಾಲ್ಕನೆಯ ಮಹಡಿಯ ಕೋಣೆಯೊಂದರ ಕಿಟಕಿಯ ಕಿಂಡಿಗೆ ಬಂದಾಗ ಅವನು ಎರಡು ಮಾರು ದೂರದಲ್ಲಿದ್ದ. ಆದರೆ ಅವಳ ಕಡೆ ಇದ್ದದ್ದು ಎಡಗಿವಿ. ಕರೆಯಲು ತೆರೆದ ಬಾಯಿಯನ್ನು ಕಚ್ಚಿ ಹಿಡಿದಳು. ಕಾಲ ಸಪ್ಪಳ ಮಾಡದೆ ಆಚೆ ಕೋಣೆಗೆ ನಡೆದು, ಅವನ ಬಲಕ್ಕಿದ್ದ ಕಿಂಡಿಯಲ್ಲಿ ಮೊಣಕಾಲೂರಿ ಕೂತಳು.

"ರೀ," ಅಂದಳು ಮೆಲ್ಲಗೆ. "ನಾನಿದ್ದೀನಿ. ಬಲಕ್ಕಿದ್ದೀನಿ. ತಿರುಗಬ್ಯಾಡ್ರಿ."

ಹುಲಿಗೆಪ್ಪ ತಿರುಗಲಿಲ್ಲ. ಬಿದಿರನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮಾತ್ರ ಹೊರಳಿಸಿದ. "ಇಲ್ಲಿಗ್ಯಾಕ ಬಂದಿ?"

"ನಾ ನಿಮಗ ಉಪ್ಪು ತಿನಿಸೀನ್ರಿ." ಅಳು ನುಗ್ಗಿ ಬಂತು. "ಸೈಂಧವನೂ ಉಪ್ಪೇ ಅಂತ. ಆ ಚೂರ್ಣನೂ ನಿಮಗ ಆಗಿಬರಂಗಿಲ್ಲಂತ. ಐದು ವಾರ ನಾನ ಕೈಯಾರೆ ತಿನಿಸೀನಿ. ಕೆಳಗ ಬರ್ರಿ, ನಿಮ್ಮ ಕಾಲು ಹಿಡೀತೀನಿ."

ಹುಲಿಗೆಪ್ಪ ಬಿದಿರಿನ ಮೇಲಿನ ಹಿಡಿತ ಬದಲಿಸಿದ. ಆಗ ಆಕೆಗೆ ಕಂಡಿತು. ಅವನ ಸೊಂಟಕ್ಕೆ ನಾರಿನ ಹಗ್ಗ ಎರಡು ಸುತ್ತು ಬಿಗಿದಿತ್ತು, ಅದರ ಇನ್ನೊಂದು ತುದಿ ಗೋಡೆಯ ಪಕ್ಕ ನಿಲ್ಲಿಸಿದ ಬಿದಿರಿಗೆ. ಅದೇ ಹಲಗೆಯ ಮೇಲಿದ್ದ ಇನ್ನಿಬ್ಬರು ಯಾವ ಹಗ್ಗವೂ ಇಲ್ಲದೆ ಆರಾಮಾಗಿ ಓಡಾಡುತ್ತಿದ್ದರು.

"ಇದೇನ್ರಿ?"

"ಹತ್ತಿದ ಕೂಡಲೆ ಕಟಗೊಂಡೀನಿ."

"ಯಾಕ?"

"ತಿರುಗೂದು ನಿಂತಿಲ್ಲ ಸಾವಿತ್ರಿ," ಅಂದ ಹುಲಿಗೆಪ್ಪ ಗೋಡೆಗೆ ಹೇಳುವಂತೆ. "ಮೊನ್ನೆ ಸಂಡಾಸದಾಗ ಬಂದಿತ್ತು, ಗ್ವಾಡಿ ಹಿಡಿದು ಕುಂತುಬಿಟ್ಟೆ. ನಿನ್ನೆ ನೀ ನೀರಿಗೆ ಹೋದಾಗ ಬಂತು. ನೀ ಇಲ್ಲದಾಗ ಬಂದ್ರ ಸಾಕು ಅಂತಿದ್ದೆ."

"ನನಗ್ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳಲಿ? ನನ್ನ ಸಲುವಾಗಿ ನೀನೂ ಉಪ್ಪು ಬಿಟ್ಟಿ. ಗಲ್ಲಿ ತುಂಬ ಹೇಳ್ಕೋತ ಅಡ್ಡಾಡಿದಿ, ಆರಾಮ ಆದ್ರು, ಆರಾಮ ಆದ್ರು ಅಂತ. ನಿನ್ನ ಮಾತು ಸುಳ್ಳು ಮಾಡ್ಲಿಕ್ಕೆ ಮನಸ್ಸು ಬರಲಿಲ್ಲ."

ಸಾವಿತ್ರಿಬಾಯಿಯ ಅಳು ನಿಂತುಹೋಯಿತು. ಅದರ ಜಾಗದಲ್ಲಿ ಸಿಟ್ಟು ಬಂತು.

"ಅದಕ್ಕ ಬಿದ್ದು ಸಾಯಾಂವ ಇದ್ದಿ ಏನೋ? ನನ್ನ ಮಾತು ಉಳಸ್ಲಿಕ್ಕೆ? ಯಾಂವ ಕೇಳಿದ್ದ ನಿನಗ?"

ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡನನ್ನು ಆಕೆ ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಹಲಗೆಯ ಮೇಲಿದ್ದ ಇಬ್ಬರೂ ಬೇರೆ ಕಡೆ ನೋಡಿದರು. ಹುಲಿಗೆಪ್ಪನ ಮುಖದಲ್ಲಿ ಏನೋ ಸಡಿಲವಾಯಿತು, ಬಹಳ ದಿನದ ಭಾರ ಯಾರೋ ಇಳಿಸಿಕೊಂಡಂತೆ.

"ಕೆಳಗ ಇಳಿದ್ರ ತಾಯಪ್ಪ ಮತ್ತ ಹತ್ತಲಿಕ್ಕೆ ಬಿಡಂಗಿಲ್ಲ," ಅಂದ.

"ಬಿಡಬಾರದು. ನಾ ಬಿಟ್ರೂ ಅವ ಬಿಡಬಾರದು."

ಅವನು ಗಂಟಿಗೆ ಕೈ ಹಾಕಿದ. ಸಾವಿತ್ರಿಬಾಯಿ ಕಿಂಡಿಯಿಂದ ಅರ್ಧ ಮೈ ಹೊರಗೆ ಚಾಚಿದಳು, ಕೆಳಗೆ ನೋಡಲಿಲ್ಲ.

"ಮೊದಲ ನನ್ನ ಕೈ ಹಿಡಿ," ಅಂದಳು. "ಆಮ್ಯಾಲ ಬಿಚ್ಚು."

ಹುಲಿಗೆಪ್ಪ ಬಲಗೈಯಿಂದ ಆಕೆಯ ಕೈ ಹಿಡಿದ. ಎಡಗೈ ಒಂದರಿಂದಲೇ ಆ ಗಂಟು ಬಿಚ್ಚಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಆಕೆ ಕಾದಳು.