ರನ್‌ವೇ ಮೇಲಿನ ಕತ್ತರಿ ಗುರುತು

ಹೋದ ವರ್ಷ ಸಾರಿಗೆ ಇಲಾಖೆಯವರು ನಮ್ಮ ರನ್‌ವೇಯ ದೀಪಗಳನ್ನು ಬಿಚ್ಚಿಕೊಂಡು ಹೋದರು. ಈ ವರ್ಷ, ಸರೋವರ ಹೆಪ್ಪುಗಟ್ಟಲು ಶುರುವಾದ ವಾರದಲ್ಲಿ, ಕತ್ತರಿ ಗುರುತು ಹಾಸಲು ಹಳದಿ ಟಾರ್ಪಾಲು ತಂದರು.

ಇಲ್ಲಿ ಇಳಿಯಬೇಡ ಎಂದು ಮೇಲಿರುವ ಪೈಲಟ್‌ಗೆ ಹೇಳುವ ಗುರುತು ಅದು; ಬಿದ್ದ ಮೇಲೆ ಇಲ್ಲಿಂದ ಏರುವಂತೆಯೂ ಇಲ್ಲ. ರನ್‌ವೇಯ ಎರಡೂ ತುದಿಯಲ್ಲಿ ಹಾಸಿ, ಗಾಳಿಗೆ ಹಾರದಂತೆ ಕಲ್ಲು ಹೇರಬೇಕು. ಹಾಸಬೇಕಾದವಳು ನಾನು. ಜಲ್ಲಿ ಸಮ ಮಾಡುವುದು, ಹಿಮ ತಳ್ಳುವುದು, ನಾಯಿಗಳನ್ನು ಓಡಿಸುವುದು, ರೇಡಿಯೊದಲ್ಲಿ ಪೈಲಟ್‌ಗೆ ಗಾಳಿಯ ದಿಕ್ಕು ಹೇಳುವುದು, ಎಲ್ಲವೂ ಅಪ್ಪನ ನಂತರ ನನ್ನ ಕೆಲಸ.

ನನ್ನ ಮಗಳು ನೆಯೋಮಿ ಆಗ ದಕ್ಷಿಣದ ಪಟ್ಟಣದಲ್ಲಿ ಯಾರದೋ ಬಾಡಿಗೆ ಕೋಣೆಯಲ್ಲಿದ್ದಳು. ಹಸಿ ಬಾಣಂತಿ, ಕೈಯಲ್ಲಿ ಕೂಸು. ಉತ್ತರದ ಮೂಲನಿವಾಸಿಗಳಾದ ನಮ್ಮ ಕ್ರೀ ಜನರ, ಸರೋವರದ ನಡುವಿನ ಈ ದ್ವೀಪದಲ್ಲಿ ಹೆರಿಗೆ ಮಾಡಿಸುವವರಿಲ್ಲ; ತಿಂಗಳು ತುಂಬುವ ಮೊದಲೇ ಬಸುರಿಯರನ್ನು ವಿಮಾನ ಹತ್ತಿಸುತ್ತಾರೆ. ಗುರುವಾರದ ವಿಮಾನಕ್ಕೆ ಅವಳು ಮರಳಬೇಕಿತ್ತು. ಅಂದು ಮಂಗಳವಾರ. ಸರೋವರದ ಮೇಲಿನ ಮಂಜುಗಡ್ಡೆ ದೋಣಿಗೆ ದಾರಿ ಬಿಡುವಷ್ಟು ತೆಳುವಲ್ಲ, ಮನುಷ್ಯನನ್ನು ಹೊರುವಷ್ಟು ಗಟ್ಟಿಯೂ ಅಲ್ಲ. ಗುರುತು ಬಿದ್ದರೆ ಅವಳು ಅಲ್ಲಿ, ನಾನು ಇಲ್ಲಿ.

ರನ್‌ವೇ ಗಿಡ್ಡವಂತೆ, ಜಲ್ಲಿ ಸಡಿಲವಂತೆ, ಇದು ಇಲಾಖೆ ಕೊಟ್ಟ ಕಾರಣ. ನಾನು ಚಿಕ್ಕವಳಿದ್ದಾಗ ಊರೇ ಸೇರಿ ಮರ ಕಡಿದು, ಬೇರು ಸುಟ್ಟು, ಜಲ್ಲಿ ಹೊತ್ತು ಮಾಡಿದ್ದು ಇದು. ಅವ್ವ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡೇ ಬೇರು ಎಳೆಯುತ್ತಿದ್ದಳು. ಆಮೇಲೆ ಇಲಾಖೆ ಬಂದು ತನ್ನ ಹೆಸರಿನ ಹಲಗೆ ನೆಟ್ಟಿತು. ಮೀಸೆ ಮೂಡುವ ಮೊದಲೇ ನಮ್ಮ ಮಕ್ಕಳನ್ನು ಹೈಸ್ಕೂಲಿಗೆಂದು ಇಲ್ಲಿಂದಲೇ ಒಯ್ದರು. ಒಯ್ಯುವಾಗ ರನ್‌ವೇ ಗಿಡ್ಡವೆಂದು ಯಾರಿಗೂ ಅನ್ನಿಸಲಿಲ್ಲ. ಅವ್ವ ಆಸ್ಪತ್ರೆಯಿಂದ ಮರಳಿದ್ದೂ ಇಲ್ಲಿಗೇ, ಸೀಟು ಬಿಚ್ಚಿದ ವಿಮಾನದಲ್ಲಿ, ಪೆಟ್ಟಿಗೆಯೊಳಗೆ.

ನಮ್ಮಲ್ಲಿ ಯಾವ ವಿಮಾನ ಬಂದರೂ ಊರೆಲ್ಲ ರನ್‌ವೇಗೆ ಹೋಗುತ್ತದೆ. ತಮ್ಮವರು ಬರಲಿ ಬಿಡಲಿ, ಇಳಿಯುವವರ ಹೊರೆ ಇಸಿದುಕೊಳ್ಳಲೇಬೇಕು. ಹಾಗಾಗಿ ಅಂದು ಇಲಾಖೆಯ ಅಧಿಕಾರಿ ಹಾರ್ಗ್ರೀವ್ ಇಳಿದಾಗ ಅವನ ಟಾರ್ಪಾಲಿನ ಸುರುಳಿಗಳನ್ನೂ ನಮ್ಮವರೇ ಹೆಗಲು ಕೊಟ್ಟು ಇಳಿಸಿದರು. ಚರ್ಚಿನ ಮಾಡಿಗೆ ಬಂದಿರಬೇಕು ಎಂದುಕೊಂಡು ಒಬ್ಬ ಅವನಿಗೆ ಥ್ಯಾಂಕ್ಸ್ ಕೂಡ ಹೇಳಿದ. ಏನೆಂದು ಗೊತ್ತಾದದ್ದು ಬಿಚ್ಚಿದ ಮೇಲೆ.

"ಮುಚ್ಚೋದು ಅಂತ ಇನ್ನೂ ತೀರ್ಮಾನ ಆಗಿಲ್ಲ, ಡಾರ್ಕಸ್ ಅವರೇ," ಎಂದ ಹಾರ್ಗ್ರೀವ್ ನನಗೆ. "ತಪಾಸಣೆ ಮುಗಿಯೋವರೆಗೆ ಅಷ್ಟೇ."

"ದೀಪ ಬಿಚ್ಚಿದಾಗ ರಿಪೇರಿಗೆ ಅಂದ್ರಿ. ಎಲ್ಲಿ ದೀಪ?"

"ಅದು ಬೇರೆ ವಿಭಾಗ."

ನನ್ನ ಹಿಂದಿದ್ದ ಜೆಮೀಮಾ ಅತ್ತೆ, ಅಪ್ಪನ ತಂಗಿ, ಗಂಟಲು ಸರಿ ಮಾಡಿಕೊಂಡಳು. "ಇವನ ಮನೇಲಿ ತಿನ್ನೋ ಬಾಯಿ ಒಂದು ವಿಭಾಗ, ನುಂಗೋ ಗಂಟಲು ಇನ್ನೊಂದು ವಿಭಾಗ ಇರ್ಬೇಕು ಕಣೇ."

ಜನ ನಕ್ಕರು. ನನಗೆ ನಗು ಬರಲಿಲ್ಲ.

"ನನ್ನ ಮಗಳು ಗುರುವಾರ ಬರ್ತಾಳೆ. ಹಸುಗೂಸು ಇದೆ ಜೊತೇಲಿ."

"ಅಲ್ಲೇ ಇರೋಕೆ ವ್ಯವಸ್ಥೆ ಮಾಡ್ತೀವಿ. ಜನವರೀಲಿ ಸರೋವರದ ಮಂಜುಗಡ್ಡೆ ಮೇಲೆ ಲಾರಿ ಓಡುತ್ತಲ್ಲ, ಆಗ ಬರ್ಲಿ." ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು, ಪೈಲಟ್ ಬೇಗ ಬನ್ನಿ ಎಂದು ಕೈಬೀಸಿದ. "ನಾವು ಏರಿದ ತಕ್ಷಣ ಹಾಸಿಬಿಡಿ. ಒಂದು ಸುತ್ತು ಹಾಕಿ ಮೇಲಿಂದ ಫೋಟೋ ತಗೋತೀನಿ."

"ಏರೋವರೆಗೆ ಯಾಕೆ ಕಾಯ್ಬೇಕು?" ಎಂದಳು ಅತ್ತೆ. "ಈಗ್ಲೇ ಹಾಸು ಡಾರ್ಕಸ್. ಇವನೂ ಇರ್ಲಿ ಜನವರಿ ತನಕ. ನಮ್ಮನೇಲಿ ಒಂದು ಮಂಚ ಖಾಲಿ ಇದೆ. ಮೀನು ಹೆರೆಯೋದು ಕಲಿಸ್ತೀನಿ."

ಈ ಸಲ ಯಾರೂ ನಗಲಿಲ್ಲ. ಹಾರ್ಗ್ರೀವ್ ವಿಮಾನದ ಬಾಗಿಲಿನತ್ತ ನೋಡಿದ. ನಡುವೆ ನಿಂತಿದ್ದ ಜನರನ್ನು ನೋಡಿದ. ಆ ಕಡೆಯ ಬೂದು ಸರೋವರವನ್ನು ನೋಡಿದ. ಆಚೆಗೆ ಬೇರೆ ದಾರಿಯಿಲ್ಲ ಎಂಬುದನ್ನು, ನಾವು ಹುಟ್ಟಿದಾಗಿನಿಂದ ನೋಡುತ್ತಿರುವುದನ್ನು, ಅವನು ಅಂದೇ ಮೊದಲು ಕಂಡದ್ದು.

ನಾನು ಕೈಸನ್ನೆ ಮಾಡಿದೆ. ಜನ ಸರಿದು ದಾರಿ ಬಿಟ್ಟರು. ಅವನು ಓಡುನಡಿಗೆಯಲ್ಲಿ ಹೋಗಿ ಮೆಟ್ಟಿಲು ಹತ್ತಿದ. ಮೇಲೆ ನಿಂತ ಮೇಲೆ ದನಿ ಮರಳಿತು.

"ಇದು ಆದೇಶ. ಹಾಸದಿದ್ರೆ ಕೆಲಸ ಹೋಗುತ್ತೆ."

ನಾನು ಬಿಚ್ಚಿದ್ದ ಟಾರ್ಪಾಲನ್ನು ಸುತ್ತಿ, ಸುರುಳಿಗಳನ್ನೆಲ್ಲ ಎತ್ತಿ ಅವನ ಕಾಲ ಬಳಿ ವಿಮಾನದೊಳಕ್ಕೆ ತಳ್ಳಿದೆ. "ನಾನು ಹಾಸಲ್ಲ," ಎಂದೆ. "ನಾಡಿದ್ದು ನನ್ನ ಮಗಳು ಇಲ್ಲೇ ಇಳೀತಾಳೆ."