ತಗಡಿನ ಅಕ್ಕ

ಭೂಮಿಯ ನೆತ್ತಿಯ ಮೇಲೆ, ಗಾಳಿ ತೆಳುವಾಗುತ್ತ ಮುಗಿದುಹೋಗುವ ಕಡೆ, ಉಪಗ್ರಹಗಳ ಎರಡು ಊರುಗಳಿದ್ದವು. ಒಂದು ಮೇಲಿನೂರು, ಇನ್ನೊಂದು ಕೆಳಗಿನೂರು. ಕೆಳಗಿನೂರಿನಲ್ಲಿ ಬಹಳ ಕಾಲ ಇದ್ದವರು ಮೆಲ್ಲಮೆಲ್ಲನೆ ಗಾಳಿಯತ್ತ ಜಾರಿ ಉರಿದುಹೋಗುತ್ತಿದ್ದರು. ಅದಕ್ಕೇ ಎರಡೂರಿನ ನಡುವೆ ಒಂದು ಉದ್ದನೆಯ ಹಗ್ಗ ತನ್ನಷ್ಟಕ್ಕೆ ತಿರುಗುತ್ತಿತ್ತು. ಅದರ ತುದಿ ಕೆಳಗಿನವರನ್ನು ಎತ್ತಿಕೊಂಡು, ಅರ್ಧ ಸುತ್ತು ತಿರುಗಿ, ಮೇಲಕ್ಕೆ ಎಸೆಯುತ್ತಿತ್ತು. ಬೆಂಕಿ ಬೇಡ, ಹೊಗೆ ಬೇಡ. ನಿದ್ದೆಯಲ್ಲಿ ತೇಲಿದ ಹಾಗೆ ಹೋಗಿಬಿಡಬಹುದಿತ್ತು.

ಆದರೆ ಒಬ್ಬರನ್ನು ಎಸೆದಾಗಲೆಲ್ಲ ಹಗ್ಗ ತಾನು ತುಸು ಕೆಳಗಿಳಿಯುತ್ತಿತ್ತು. ಮೇಲಿನವರೊಬ್ಬರು ಅದಕ್ಕೆ ಜೋತುಬಿದ್ದು ಇಳಿದರೆ ಮತ್ತೆ ಏರುತ್ತಿತ್ತು. ಹಾಗಾಗಿ ಒಬ್ಬರು ಹತ್ತಿದರೆ ಒಬ್ಬರು ಇಳಿಯಬೇಕು ಎಂಬ ಪದ್ಧತಿ ಬೆಳೆಯಿತು. ಇಳಿದು ಬಂದವರಿಗೆ ಕೆಳಗಿನೂರಿನಲ್ಲಿ ಆರತಿ ಎತ್ತುತ್ತಿದ್ದರು.

ಕಾಲ ಕಳೆದಂತೆ ಮೇಲಿನೂರಿನವರಿಗೆ ಇಳಿಯುವುದೆಂದರೆ ಮಾನ ಹೋದಂತೆ ಅನ್ನಿಸತೊಡಗಿತು. ಪದ್ಧತಿಯನ್ನು ಮುರಿಯುವುದಕ್ಕೂ ಧೈರ್ಯವಿಲ್ಲ. ಹಿರಿಯರು ತಲೆ ಓಡಿಸಿ, ತಗಡಿನ ಟೊಳ್ಳು ಬೊಂಬೆಗೆ ಹಾರ ಹಾಕಿ, ಮಂತ್ರ ಹೇಳಿ, ಅದನ್ನೇ ಇಳಿಸಿದರು. ಎಲ್ಲರಿಗೂ ಸಮಾಧಾನವಾಯಿತು. ಹಗ್ಗಕ್ಕೆ ಮಾತ್ರ ಮಂತ್ರ ತಿಳಿಯದು, ಭಾರವೊಂದೇ ತಿಳಿಯುವುದು. ಅದು ದಿನದಿಂದ ದಿನಕ್ಕೆ ತಗ್ಗುತ್ತ ಬಂತು.

ಹೀಗಿರಲು ಕೆಳಗಿನೂರಿನ ತಂಗಿಯೊಬ್ಬಳ ಸರದಿ ಬಂತು. ಅವಳ ಅಕ್ಕ ಮೊದಲೇ ಮೇಲೆ ಹೋಗಿ ನೆಲೆಸಿದ್ದಳು. ತಂಗಿ ತುದಿ ಹಿಡಿದಳೋ ಇಲ್ಲವೋ, ಹಗ್ಗ ಗಾಳಿಗೆ ತಾಗಿ ಕೆಂಪಗೆ ಕಾಯಿತು.

"ಅಕ್ಕಾ, ಸುಡ್ತಿದೆ!"

ಮೇಲೆ ಹಿರಿಯರು ಬೊಂಬೆಯ ಹಾರ ಸರಿಮಾಡುತ್ತಿದ್ದರು. "ಸ್ವಲ್ಪ ತಡಿಯಮ್ಮ, ಮುಹೂರ್ತ ಆಗಲಿ," ಎಂದರು.

ಅಕ್ಕ ತಡೆಯಲಿಲ್ಲ. ಬೊಂಬೆಯನ್ನು ಬದಿಗೆ ತಳ್ಳಿ, ಮೇಲಿನ ತುದಿಗೆ ತಾನೇ ಜೋತುಬಿದ್ದಳು. ಹಗ್ಗ ನಿಟ್ಟುಸಿರು ಬಿಟ್ಟಂತೆ ಎದ್ದಿತು. ತಿರುಗುತ್ತ ತಿರುಗುತ್ತ ಒಂದು ಗಳಿಗೆ ಅಕ್ಕ ತಂಗಿಯರಿಬ್ಬರೂ ಒಂದೇ ಎತ್ತರಕ್ಕೆ ಬಂದರು.

"ನನ್ನ ಸರದಿ ಬಂದಾಗ ನೀನು ಇಳಿದು ಬರ್ತೀಯಲ್ಲೇ?"

"ಬರದೆ ಇರ್ತೀನಾ ಅಕ್ಕ!"

ತಂಗಿ ಮೇಲೆ ಸೇರಿದಳು, ಅಕ್ಕ ಕೆಳಗಿನೂರಿಗೆ ಇಳಿದಳು. ಅಕ್ಕನ ತ್ಯಾಗಕ್ಕೆ ಮೇಲಿನೂರೇ ಕಣ್ಣೀರಿಟ್ಟಿತು. ಅವಳ ಹೆಸರಿನಲ್ಲಿ ಉತ್ಸವ ಶುರುವಾಯಿತು, ತಂಗಿಯನ್ನೇ ಅಧ್ಯಕ್ಷೆ ಮಾಡಿದರು. ಇಳಿಯಬೇಕೆಂದು ಅವಳಿಗೆ ನಿಜವಾಗಿಯೂ ಆಸೆಯಿತ್ತು, ಪಾಪ. ಆದರೆ ತಾನು ಹೊರಟುಹೋದರೆ ಅಕ್ಕನ ಉತ್ಸವ ನಡೆಸುವವರು ಯಾರು?

ಕೊನೆಗೆ ಅಕ್ಕನ ಸರದಿ ಬಂತು. ಅಷ್ಟರಲ್ಲಿ ಅವಳು ಜಾರುತ್ತ ಗಾಳಿಯ ಅಂಚಿಗೆ ಬಂದಿದ್ದಳು. ಇದು ತಪ್ಪಿದರೆ ಹಗ್ಗ ಇನ್ನೊಂದು ಸುತ್ತು ಬರುವವರೆಗೆ ಅವಳು ಉಳಿಯುವಂತಿರಲಿಲ್ಲ. ಹಗ್ಗದ ತುದಿಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಳು. ಅದು ಆಗಲೇ ಕೆಂಪಗೆ ಕಾಯುತ್ತಿತ್ತು.

"ಬೇಗ ಬಾರೇ, ಸುಡ್ತಿದೆ!"

ಮೇಲೆ ಉತ್ಸವದ ವಾದ್ಯ ನಿಂತಿತು. ತಂಗಿ ಬಗ್ಗಿ ನೋಡಿದಳು. ಅಕ್ಕನನ್ನು ಕಂಡು ಅವಳ ಕಣ್ಣು ತುಂಬಿ ಬಂತು. ಹೊಸ ಬೊಂಬೆಯನ್ನು ಎರಡು ಬೆರಳಲ್ಲೇ ಎತ್ತಿ ತೋರಿಸಿದಳು.

"ಸ್ವಲ್ಪ ತಡಿ ಅಕ್ಕ, ಮುಹೂರ್ತ ಆಗಲಿ. ಈ ಸಲದ ಬೊಂಬೆ ನೋಡು, ಥೇಟ್ ನೀನೇ!"

ಬೊಂಬೆಯ ಹಾರದಿಂದ ಹೂವೊಂದು ಕಳಚಿ ನಿಧಾನವಾಗಿ ತೇಲುತ್ತ ಇಳಿಯಿತು. ಅಕ್ಕನ ಹತ್ತಿರ ಬರುವಷ್ಟರಲ್ಲಿ ಹೊತ್ತಿಕೊಂಡಿತು.